ಮರದ ಜಿಗ್‌ಸಾ ಪಜಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ಕ್ರಾಲ್ ಸಾ ಯಂತ್ರದ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮರದ ಜಿಗ್‌ಸಾ ಪಜಲ್ ಮಾಡುವ ಬಗ್ಗೆಯೇ ಇದ್ದವು. ಅವುಗಳಲ್ಲಿ ಬಹುಪಾಲು ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಿಂದ ಬಂದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಯಂತ್ರವನ್ನು ಕಾಣದವರಿಗೆ ಇಷ್ಟು ಹೇಳಿದರೆ ಸಾಕು: ಚಪ್ಪಟೆ ಮೇಜಿನ ನಡುವಿನ ತೂತಿನಲ್ಲಿ ಐದು ಇಂಚು ಉದ್ದದ, ದಪ್ಪ ನೂಲಿನಷ್ಟೇ ಅಗಲದ ಬ್ಲೇಡನ್ನು ನೆಟ್ಟಗೆ ಬಿಗಿದಿರುತ್ತಾರೆ, ಮೋಟಾರು ಅದನ್ನು ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಓಡಿಸುತ್ತದೆ, ನಾವು ಹಲಗೆಯನ್ನು ಎರಡೂ ಕೈಗಳಿಂದ ಹಿಡಿದು ತಿರುಗಿಸುತ್ತಾ ಬೇಕಾದ ಗೆರೆಯಲ್ಲಿ ಕೊಯ್ಯುತ್ತೇವೆ. ಪಜಲ್‌ನ ತುಂಡಿನಿಂದ ಹೊರಚಾಚಿದ ದುಂಡು ತಲೆಯನ್ನು ಇಲ್ಲಿ ಗುಬುಟು ಎಂದೂ, ಅದು ಹೋಗಿ ಕೂರುವ ಜಾಗವನ್ನು ಗುಳಿ ಎಂದೂ ಕರೆದಿದ್ದೇನೆ.

ಪ್ರಶ್ನೆ: ನಿವೃತ್ತಿಯ ನಂತರ 16 ಇಂಚಿನ (ಬ್ಲೇಡಿನಿಂದ ಹಿಂದಿನ ಕಂಬಕ್ಕೆ 16 ಇಂಚು ದೂರವಿರುವ) ಸ್ಕ್ರಾಲ್ ಸಾ ಕೊಂಡಿದ್ದೇನೆ. ಮಧೂರು ದೇವಸ್ಥಾನದ ಚಿತ್ರವನ್ನು 6 ಮಿ.ಮೀ. ಪ್ಲೈವುಡ್ಡಿಗೆ ಅಂಟಿಸಿ ಕೊಯ್ದೆ. ಹಲವು ತುಂಡುಗಳು ಹಿಂಬದಿಯಿಂದ ಸರಾಗವಾಗಿ ಕೂರುತ್ತವೆ, ಮುಂಬದಿಯಿಂದ ಒತ್ತಿದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತವೆ. ಇನ್ನು ಕೆಲವು ಅದಕ್ಕೆ ತದ್ವಿರುದ್ಧ. ಯಂತ್ರವನ್ನು ಬದಲಿಸಬೇಕೇ?
(ನಿವೃತ್ತ ನೌಕರರು, ನೀರ್ಚಾಲು)

ಉತ್ತರ: ಬದಲಿಸಬೇಕಾಗಿಲ್ಲ. ನಿಮ್ಮ ಯಂತ್ರದ ಮೇಜು ಬ್ಲೇಡಿಗೆ ಸರಿಯಾಗಿ ಲಂಬವಾಗಿಲ್ಲ, ಅಷ್ಟೇ. ಪಜಲ್ ಮಾಡುವವರಿಗೆ ಎದುರಾಗುವ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನುಭವವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೇಜು ವಾಲಿದ್ದರೆ ಕೊಯ್ದ ಗೋಡೆಯೂ ವಾಲುತ್ತದೆ. ಹಾಗೆ ವಾಲಿದ ಬ್ಲೇಡಿನ ಸುತ್ತ ಹಲಗೆಯನ್ನು ತಿರುಗಿಸಿ ಗುಬುಟು ಕೊಯ್ದಾಗ ಅದು ನೇರವಾದ ಕಂಬದ ಆಕಾರಕ್ಕೆ ಬರದೆ ಬಾಟಲಿಯ ಬಿರಡೆಯ ಹಾಗೆ ಒಂದು ಕಡೆ ಅಗಲವಾಗಿಯೂ ಇನ್ನೊಂದು ಕಡೆ ಕಿರಿದಾಗಿಯೂ ಆಗುತ್ತದೆ. ಬಿರಡೆ ಒಂದು ಕಡೆಯಿಂದ ಮಾತ್ರ ಕೂರುತ್ತದಲ್ಲವೇ? ಹಲಗೆಯನ್ನು ಎಡಕ್ಕೆ ತಿರುಗಿಸಿ ಕೊಯ್ದ ಗುಬುಟುಗಳು ಒಂದು ರೀತಿ, ಬಲಕ್ಕೆ ತಿರುಗಿಸಿ ಕೊಯ್ದವು ಅದಕ್ಕೆ ವಿರುದ್ಧ ರೀತಿ ಆಗುವುದರಿಂದ ನಿಮ್ಮಲ್ಲಿ ಎರಡೂ ಬಗೆಯ ತುಂಡುಗಳಿವೆ. ಲೆಕ್ಕ ಹಾಕಿ ನೋಡಿದರೆ, 6 ಮಿ.ಮೀ. ದಪ್ಪದ ಹಲಗೆಯಲ್ಲಿ ಮೇಜು ಒಂದು ಡಿಗ್ರಿ ವಾಲಿದರೆ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಸುಮಾರು 0.1 ಮಿ.ಮೀ. ವ್ಯತ್ಯಾಸ ಬರುತ್ತದೆ. ತೆಳುವಾದ ಬ್ಲೇಡು ತೆಗೆಯುವ ಜಾಡಿನ ಅಗಲವೇ ಕಾಲು ಮಿ.ಮೀ. ಆಸುಪಾಸಿನದು. ಮೇಜು ಎರಡೂವರೆ ಡಿಗ್ರಿ ವಾಲಿದರೆ ಆ ಕಾಲು ಮಿ.ಮೀ. ಪೂರ್ತಿ ಖರ್ಚಾಗಿ, ತುಂಡು ಹಿಡಿದುಕೊಳ್ಳುತ್ತದೆ. ಎರಡೂವರೆ ಡಿಗ್ರಿ ಕಣ್ಣಿಗೆ ಕಾಣುವ ಅಳತೆಯಲ್ಲ.

ಮೇಜಿನ ಅಡಿಯಲ್ಲಿ ಕೋನ ತೋರಿಸುವ ಪಟ್ಟಿಯೊಂದಿರುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ನಾನು ಕಲಿಯುತ್ತಿದ್ದ ಕಾಲದಲ್ಲಿ ಅದನ್ನೇ ನಂಬಿ, ಸೊನ್ನೆಗೆ ನಿಲ್ಲಿಸಿ, ಬೇಕಲ ಕೋಟೆಯ ಚಿತ್ರವನ್ನು 96 ತುಂಡುಗಳಾಗಿ ಕೊಯ್ದು ತಂಗಿಯ ಮಗಳಿಗೆ ಕೊಟ್ಟಿದ್ದೆ. ಅವಳು ಜಗಲಿಯಲ್ಲಿ ಕುಳಿತು ಸಮುದ್ರದ ಭಾಗವನ್ನು ಜೋಡಿಸುತ್ತಾ ಬಂದಳು. ಒಂದು ತುಂಡು ಕೂರಲಿಲ್ಲ. ಜಾಗ ಅದೇ, ಬಣ್ಣ ಅದೇ, ಆಕಾರವೂ ಅದೇ. ಆದರೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೊನೆಗೆ ಚಿತ್ರದ ಕಾಗದದ ಅಂಚು ಎದ್ದು ಬಂತು. ತಾನು ಹುಡುಕಿದ ಜಾಗವೇ ತಪ್ಪೆಂದು ಅವಳು ಆ ಸರಿಯಾದ ತುಂಡನ್ನು ಪಕ್ಕಕ್ಕಿಟ್ಟು ಬೇರೆಯದಕ್ಕೆ ಕೈಹಾಕಿದಳು. ನನಗೆ ಅತ್ಯಂತ ನೋವಾದದ್ದು ಆಗಲೇ. ಜೋಡಿಸುವವರು ಸರಿಯಾಗಿ ಊಹಿಸಿದಾಗ ಮರ ಒಪ್ಪಿಕೊಳ್ಳಬೇಕು. ಸರಿಯಾದ ಊಹೆಯನ್ನು ತಿರಸ್ಕರಿಸುವ ಪಜಲ್ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ.

ಪರೀಕ್ಷೆ ಹೀಗೆ ಮಾಡಿ. ನಾಲ್ಕೈದು ಸೆಂ.ಮೀ. ದಪ್ಪದ ಮರದ ಕೊರಡೊಂದನ್ನು ಮೇಜಿನ ಮೇಲಿಟ್ಟು ಬ್ಲೇಡಿನ ಮುಂಭಾಗದಲ್ಲಿ ಒಂದೆರಡು ಮಿ.ಮೀ. ಆಳದ ಸೀಳು ಮಾತ್ರ ಮಾಡಿ, ಯಂತ್ರ ನಿಲ್ಲಿಸಿ. ಕೊರಡನ್ನು ಮೇಲೆಕೆಳಗೆ ಮಾಡದೆ, ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂಭಾಗಕ್ಕೆ ಒಯ್ದು, ಆ ಸೀಳನ್ನು ಬ್ಲೇಡಿನ ಬೆನ್ನಿಗೆ ತಂದು ಹಿಡಿಯಿರಿ. ಬ್ಲೇಡು ಮೇಲಿಂದ ಕೆಳಗಿನ ತನಕ ಒಂದೇ ಸಮನೆ ಸೀಳಿನೊಳಗೆ ಸೇರಿಕೊಂಡರೆ ಮೇಜು ಸರಿಯಾಗಿದೆ. ಅಡ್ಡವಾಗಿ ನಿಂತರೆ ಮೇಜಿನ ತಿರುಪು ಸಡಿಲಿಸಿ, ಕಂಡ ತಪ್ಪಿನ ಅರ್ಧದಷ್ಟು ಸರಿಸಿ, ಮತ್ತೆ ನೋಡಿ. ಸಣ್ಣ ಮೂಲೆಮಟ್ಟದಿಂದಲೂ ನೋಡಬಹುದು. ಆದರೆ ಕೊರಡಿನ ಪರೀಕ್ಷೆ ತಪ್ಪನ್ನು ಎರಡರಷ್ಟು ಮಾಡಿ ತೋರಿಸುವುದರಿಂದ ನನಗೆ ಅದೇ ಮೆಚ್ಚು. ಪ್ರತಿ ಪಜಲ್‌ಗೆ ಮೊದಲು ಒಮ್ಮೆ ಹೀಗೆ ನೋಡುವುದು ಎರಡು ನಿಮಿಷದ ಕೆಲಸ.

ಮೇಜು ಸರಿಯಾಗಿದ್ದೂ ಗೋಡೆ ವಾಲಿದರೆ ತಪ್ಪು ಕೈಯಲ್ಲಿದೆ ಎಂದು ತಿಳಿಯಬೇಕು. ತಿರುವಿನಲ್ಲಿ ಹಲಗೆಯನ್ನು ಪಕ್ಕಕ್ಕೆ ತಳ್ಳಿದರೆ ಬ್ಲೇಡು ನಡುವಿನಲ್ಲಿ ಬಿಲ್ಲಿನಂತೆ ಬಾಗುತ್ತದೆ. ಗುಬುಟಿನ ಕುತ್ತಿಗೆಗೆ ಬಂದಾಗ ಮುಂದಕ್ಕೆ ತಳ್ಳುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಬ್ಲೇಡನ್ನೇ ಗೂಟವೆಂದು ತಿಳಿದು ಅದರ ಸುತ್ತ ಹಲಗೆಯನ್ನು ತಿರುಗಿಸಿ. ಬ್ಲೇಡು ಸಾಕಷ್ಟು ಬಿಗಿಯಾಗಿಯೂ ಇರಬೇಕು. ಯಂತ್ರ ನಿಲ್ಲಿಸಿ ಬೆರಳಿನಿಂದ ಮೀಟಿದಾಗ ತಂಬೂರಿಯ ತಂತಿಯಂತೆ ಸ್ಪಷ್ಟವಾದ ಸ್ವರ ಬರಬೇಕೇ ಹೊರತು ಸಡಿಲ ದಾರದ ಸದ್ದಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಮಾಡಿದ ಪಜಲ್‌ಗಳು ಮಳೆಗಾಲದಲ್ಲಿ ಸೊಟ್ಟಗಾಗುತ್ತವೆ, ಚಿತ್ರದ ಮೂಲೆ ಏಳುತ್ತದೆ. ಆಟಿ ತಿಂಗಳಲ್ಲಂತೂ ಅಂಟು ಒಣಗುವುದೇ ಇಲ್ಲ. ಪರಿಹಾರವಿದೆಯೇ?
(ಕೃಷಿಕರು, ಮುಳ್ಳೇರಿಯ)

ಉತ್ತರ: ಜೂನ್‌ನಿಂದ ಸೆಪ್ಟೆಂಬರ್ ತನಕ ಎಡೆಬಿಡದೆ ಸುರಿಯುವ ನಮ್ಮ ಊರಿನಲ್ಲಿ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೆ ಇದ್ದರೆ ಮುಂದಿನದು ಅಡ್ಡಕ್ಕೆ ಇರುವುದರಿಂದ ಈ ಉಬ್ಬುವಿಕೆ ಕಡಿಮೆ. ಆದರೆ ಒಂದು ಮುಖಕ್ಕೆ ಮಾತ್ರ ಕಾಗದ ಅಂಟಿಸಿದರೆ ಆ ಮುಖಕ್ಕೆ ತೇವ ಹೋಗುವುದು ಒಂದು ರೀತಿ, ಬರಿಯ ಮುಖಕ್ಕೆ ಇನ್ನೊಂದು ರೀತಿಯಾಗಿ ಹಲಗೆ ಬಾಗುತ್ತದೆ. ಹಾಗಾಗಿ ಹಿಂಬದಿಗೂ ಅಷ್ಟೇ ದಪ್ಪದ ಕಾಗದವನ್ನು ಅಂಟಿಸುವುದೇ ಮೊದಲ ಪರಿಹಾರ. ಬಣ್ಣದ ಕಾಗದ ಅಂಟಿಸಿದರೆ ಹಿಂಬದಿ ಯಾವುದೆಂದು ತಕ್ಷಣ ತಿಳಿಯುವ ಅನುಕೂಲವೂ ಇದೆ.

ಹಲಗೆಯನ್ನು ಒಣಗಿಸುವುದಕ್ಕೆ ಅಡಿಕೆಯ ಹಾಗೆ ಅಂಗಳದ ಬಿಸಿಲಿಗೆ ಹಾಕಬೇಡಿ; ಮೇಲ್ಮೈ ಮಾತ್ರ ಬೇಗ ಒಣಗಿ ಇನ್ನಷ್ಟು ಸೊಟ್ಟಗಾಗುತ್ತದೆ. ಒಲೆಯ ಕಾವು ತಾಗುವ ಅಡಿಗೆಮನೆಯ ಅಟ್ಟವಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮರದ ಪಟ್ಟಿಗಳ ಮೇಲೆ ಚಪ್ಪಟೆಯಾಗಿ, ಎರಡೂ ಮುಖಕ್ಕೆ ಗಾಳಿಯಾಡುವಂತೆ ಒಂದೆರಡು ವಾರ ಇಟ್ಟು, ಅಲ್ಲಿಂದ ಇಳಿಸಿದ ದಿನವೇ ಚಿತ್ರ ಅಂಟಿಸಿ.

ಅಂಟಿಸುವ ಕೆಲಸದಲ್ಲಿ ಅವಸರ ಸಲ್ಲದು. ಇಂಕ್‌ಜೆಟ್ ಮುದ್ರಣದ ಬಣ್ಣ ನೀರು ತಾಗಿದರೆ ಹರಡುತ್ತದೆ. ಆದ್ದರಿಂದ ಲೇಸರ್ ಮುದ್ರಣ ಮಾಡಿಸಿ, ಇಲ್ಲವಾದರೆ ಮೊದಲು ಪಾರದರ್ಶಕ ಲ್ಯಾಕರ್ ಸಿಂಪಡಿಸಿ ಒಣಗಿಸಿ. ಸಾಮಾನ್ಯ 80 ಜಿಎಸ್‌ಎಂ (ಒಂದು ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದ ಅಂಟು ಹೀರಿ ನೆರಿಗೆ ಕಟ್ಟುತ್ತದೆ. 130ರಿಂದ 170 ಜಿಎಸ್‌ಎಂ ಕಾಗದವಾದರೆ ಆ ಭಯ ಕಡಿಮೆ. ಬಿಳಿ ಫೆವಿಕಾಲನ್ನು ಹಲಗೆಗೆ ಮಾತ್ರ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಳೆದು, ಅಡಿಯ ಮರದ ಎಳೆ ಕಾಣುವಷ್ಟು ತೆಳುವಾಗಿ ಹಚ್ಚಿ. ಕಾಗದದ ಒಂದು ಅಂಚನ್ನು ಮೊದಲು ಕೂರಿಸಿ, ಉಳಿದದ್ದನ್ನು ನಿಧಾನವಾಗಿ ಇಳಿಸುತ್ತಾ, ಲಟ್ಟಣಿಗೆಯನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ. ಗಾಳಿಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಬಹುದು. ನಂತರ ಮೇಲೊಂದು ಸಪಾಟಾದ ಹಲಗೆಯಿಟ್ಟು, ಪುಸ್ತಕಗಳ ಅಟ್ಟಿ ಹೇರಿ, ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ದಿನ ಬಿಡಿ. ಪೂರ್ತಿ ಒಣಗದ ಕಾಗದದ ಮೇಲೆ ಬ್ಲೇಡು ಹೋದರೆ ಅಂಚುಗಳು ಹತ್ತಿಯ ಹಾಗೆ ಕಿತ್ತುಬರುತ್ತವೆ. ನಿಮ್ಮ ಪಜಲ್‌ನ ಮೂಲೆಗಳು ಏಳಲು ಬಹುಶಃ ಇದೇ ಕಾರಣ.

ಕೊಯ್ದ ಮೇಲೆ ತುಂಡುಗಳ ಪಕ್ಕದ ಗೋಡೆಗೆ ವಾರ್ನಿಷ್ ಹಚ್ಚಬೇಡಿ. ಕಾಲು ಮಿ.ಮೀ. ಜಾಗದಲ್ಲಿ ಎರಡು ಪದರ ವಾರ್ನಿಷ್ ಸೇರಿದರೆ ಮಳೆಗಾಲದ ಉಬ್ಬುವಿಕೆಗೆ ಎಡೆಯೇ ಉಳಿಯುವುದಿಲ್ಲ.

ಪ್ರಶ್ನೆ: ಬ್ಲೇಡುಗಳು ಪದೇ ಪದೇ ತುಂಡಾಗುತ್ತವೆ, ನೇರ ಗೆರೆಯೂ ಬಲಕ್ಕೆ ಎಳೆಯುತ್ತದೆ. ಯಾವ ನಂಬರಿನ ಬ್ಲೇಡು ಕೊಳ್ಳಬೇಕು?
(ಓದುಗರು, ಬದಿಯಡ್ಕ)

ಉತ್ತರ: ಬಲಕ್ಕೆ ಎಳೆಯುವುದು ನಿಮ್ಮ ತಪ್ಪಲ್ಲ. ಬ್ಲೇಡಿನ ಹಲ್ಲುಗಳನ್ನು ಕಾರ್ಖಾನೆಯಲ್ಲಿ ಒತ್ತಿ ತೆಗೆಯುವಾಗ ಒಂದು ಪಕ್ಕದಲ್ಲಿ ಸಣ್ಣ ಚೂಪು ಅಂಚು ಉಳಿಯುತ್ತದೆ; ಆ ಪಕ್ಕ ಹೆಚ್ಚು ಚುರುಕಾಗಿ ಕೊಯ್ಯುವುದರಿಂದ ಬ್ಲೇಡು ಅತ್ತ ಸರಿಯುತ್ತದೆ. ಹಲಗೆಯನ್ನು ಕೆಲವು ಡಿಗ್ರಿ ಓರೆಯಾಗಿ ಹಿಡಿದು ತಳ್ಳುವುದು ಅಭ್ಯಾಸವಾದ ಮೇಲೆ ಅದು ಗಮನಕ್ಕೂ ಬರುವುದಿಲ್ಲ.

ಪಜಲ್‌ಗೆ 2/0 ಅಥವಾ 1ನೇ ನಂಬರಿನ ತೆಳು ಬ್ಲೇಡು ಸೂಕ್ತ (ನಂಬರು ಹೆಚ್ಚಿದಂತೆ ಬ್ಲೇಡು ದಪ್ಪ; 2/0 ಎಂಬುದು 1ಕ್ಕಿಂತಲೂ ತೆಳು). ಕಲಿಯುವವರು 3ನೇ ನಂಬರಿನಿಂದ ಆರಂಭಿಸಿದರೆ ತುಂಡಾಗುವುದು ಕಡಿಮೆ. ಗೆರೆ ಸ್ವಲ್ಪ ಅಗಲವಾಗುತ್ತದೆ, ಅಷ್ಟೇ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡು ಸಿಕ್ಕಿದರೆ ಅದನ್ನೇ ಕೊಳ್ಳಿ. ಹಿಂಬದಿಯ ಸಿಬಿರು ಏಳುವುದಿಲ್ಲ. ಬ್ಲೇಡಿನ ಹಲ್ಲುಗಳು ಮೇಜಿನ ಕಡೆಗೆ, ಅಂದರೆ ಕೆಳಮುಖವಾಗಿ ಇರಬೇಕೆಂಬುದನ್ನು ಹೊಸಬರು ಮರೆಯುವುದುಂಟು. ತುಂಡಾಗುವುದಕ್ಕೆ ಸಾಮಾನ್ಯ ಕಾರಣ ಮೊಂಡಾದ ಬ್ಲೇಡನ್ನು ಬದಲಿಸದೆ ಬಲ ಹಾಕಿ ತಳ್ಳುವುದು. ಪ್ಲೈವುಡ್ಡಿನ ಪದರಗಳ ನಡುವಿನ ಅಂಟು ಬ್ಲೇಡನ್ನು ಬೇಗ ಸವೆಸುತ್ತದೆ. ಮೊದಲಿಗಿಂತ ಹೆಚ್ಚು ತಳ್ಳಬೇಕಾಗಿದೆ ಎಂದು ಕೈಗೆ ಅನ್ನಿಸಿದ ಕ್ಷಣವೇ ಬದಲಿಸಿ. ಒಂದು ಪಜಲ್‌ಗೆ ಐದಾರು ಬ್ಲೇಡು ಹೋದರೆ ಬೇಸರ ಪಡಬೇಕಾಗಿಲ್ಲ. ಕನ್ನಡಕ ಮತ್ತು ಮಾಸ್ಕ್ ಧರಿಸದೆ ಮಾತ್ರ ಯಂತ್ರದ ಮುಂದೆ ಕೂರಬೇಡಿ. ಪ್ಲೈವುಡ್ಡಿನ ಸಣ್ಣ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಎಲ್ಲ ತುಂಡುಗಳ ಗೆರೆಯನ್ನು ಮೊದಲೇ ಬರೆದುಕೊಂಡು ಕೊಯ್ಯಬೇಕೇ? ಎಷ್ಟು ತುಂಡು ಮಾಡಿದರೆ ಚೆಂದ?
(ಗೃಹಿಣಿ, ಕುಂಬಳೆ)

ಉತ್ತರ: ಮೊದಲ ಎರಡು ಮೂರು ಪಜಲ್‌ಗಳಿಗೆ ಬರೆದುಕೊಳ್ಳಿ. ಮೇಲೆ ಸುಲಭವಾಗಿ ಕೀಳಬಲ್ಲ ಮಾಸ್ಕಿಂಗ್ ಟೇಪ್ ಹಾಕಿ ಅದರ ಮೇಲೆ ಪೆನ್ಸಿಲಿನಿಂದ ಬರೆದರೆ ಚಿತ್ರ ಕೆಡುವುದಿಲ್ಲ. ಆದರೆ ಟೇಪು ನಿಮ್ಮ ಕಾಗದದ ಬಣ್ಣವನ್ನು ಎಬ್ಬಿಸುತ್ತದೆಯೇ ಎಂದು ಒಂದು ಚೂರಿನ ಮೇಲೆ ನೋಡಿಕೊಳ್ಳಿ. ಕೈ ಪಳಗಿದ ಮೇಲೆ ಗೆರೆಯಿಲ್ಲದೆ ಕೊಯ್ಯುವುದೇ ಸಂತೋಷ, ಏಕೆಂದರೆ ಆಗ ಎರಡು ಗುಬುಟು ಒಂದೇ ಥರ ಬರುವುದಿಲ್ಲ. ಒಂದು ತುಂಡು ತಪ್ಪು ಜಾಗದಲ್ಲಿ ಕೂರುವ ಸಂಭವವೂ ಇರುವುದಿಲ್ಲ.

20 ಸೆಂ.ಮೀ.ಗೆ 30 ಸೆಂ.ಮೀ. ಅಳತೆಯ ಹಲಗೆಯಲ್ಲಿ ಎರಡೂವರೆ ಸೆಂ.ಮೀ. ಚೌಕದ ತುಂಡುಗಳು 96 ಆಗುತ್ತವೆ, ಐದು ಸೆಂ.ಮೀ. ಚೌಕವಾದರೆ 24. ಒಂದನೇ ಎರಡನೇ ತರಗತಿಯ ಮಕ್ಕಳಿಗೆ 24 ಸಾಕು. ಮೊದಲು ಹಲಗೆಯನ್ನು ಗುಬುಟುಗಳ ಸಹಿತ ಉದ್ದದ ಪಟ್ಟಿಗಳಾಗಿ ಕೊಯ್ದು, ಆಮೇಲೆ ಒಂದೊಂದು ಪಟ್ಟಿಯನ್ನು ತುಂಡು ಮಾಡಿ. ಗುಬುಟಿನ ತಲೆ 8 ಮಿ.ಮೀ. ಇದ್ದರೆ ಕುತ್ತಿಗೆ 4 ಮಿ.ಮೀ.ಗಿಂತ ಕಡಿಮೆಯಾಗದಿರಲಿ, ಇಲ್ಲವಾದರೆ ಮುರಿಯುತ್ತದೆ. ಕುತ್ತಿಗೆ ತಲೆಯಷ್ಟೇ ದಪ್ಪವಾದರೆ ತುಂಡುಗಳು ಒಂದನ್ನೊಂದು ಹಿಡಿಯುವುದಿಲ್ಲ. ಕೊಯ್ದ ಪ್ರತಿ ತುಂಡನ್ನೂ ಪಕ್ಕದ ತಟ್ಟೆಯಲ್ಲಿ ಅದರದೇ ಜಾಗದಲ್ಲಿ ಇಡುತ್ತಾ ಹೋಗಿ. ಕೊನೆಯಲ್ಲಿ ಜೋಡಿಸಿದ ಪಜಲ್‌ನ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಾಗ ಇಡೀ ಚಿತ್ರ ಬಟ್ಟೆಯ ಹಾಗೆ ಮೇಲೆದ್ದು ಬಂದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ.

ನೀವು ಯಕ್ಷಗಾನದ ವೇಷದ ಚಿತ್ರ ಹಾಕುವುದಾಗಿಯೂ ಬರೆದಿದ್ದೀರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಅಂಥ ಚಿತ್ರದಲ್ಲಿ ಬಣ್ಣದ ಗಡಿಯನ್ನೇ ಹಿಡಿದು ಕೊಯ್ಯುವ ಕ್ರಮವೊಂದಿದೆ: ಕಿರೀಟದ ಹೊನ್ನಿನ ಬಣ್ಣ ಮುಗಿದು ಹಿನ್ನೆಲೆಯ ಕಪ್ಪು ಆರಂಭವಾಗುವ ಗೆರೆಯಲ್ಲೇ ಬ್ಲೇಡು ಹೋಗುತ್ತದೆ. ಆಗ ಒಂದು ತುಂಡು ಪೂರ್ತಿ ಕಪ್ಪು, ಪಕ್ಕದ್ದು ಪೂರ್ತಿ ಹೊನ್ನು. ಒಂದರಲ್ಲಿ ಇನ್ನೊಂದರ ಬಣ್ಣದ ಸುಳಿವೇ ಇರುವುದಿಲ್ಲ. ಜೋಡಿಸುವವರು ಆಕಾರವನ್ನೇ ನೋಡಬೇಕಾಗುತ್ತದೆ. ನಡುವೆ ಗೆಜ್ಜೆ, ಚೆಂಡೆ, ಗಿಳಿಯಂಥ ಆಕಾರದ ತುಂಡು ಎರಡೋ ಮೂರೋ ಸೇರಿಸಿದರೆ ಚೆಂದ. ಹತ್ತಾರು ಸೇರಿಸಿದರೆ ಅವುಗಳ ಸುತ್ತಲಿನ ತುಂಡುಗಳು ವಿಕಾರವಾಗುತ್ತವೆ.

ಪ್ರಶ್ನೆ: ಮನೆಯಲ್ಲಿ ಹಲಸಿನ ಹಲಗೆಗಳೂ ಒಂದು ಪಾಲೆ ಮರದ ದಿಮ್ಮಿಯೂ ಇವೆ. ಪ್ಲೈವುಡ್ಡಿಗೆ ಹಣ ಹಾಕುವ ಬದಲು ಇವನ್ನೇ ಬಳಸಬಹುದೇ?
(ಓದುಗರು, ಆದೂರು)

ಉತ್ತರ: ಚಿತ್ರದ ಪಜಲ್‌ಗೆ ಬೇಡ. ಇಡಿಯ ಮರದಲ್ಲಿ ಎಳೆಗಳು ಒಂದೇ ದಿಕ್ಕಿಗೆ ಇರುವುದರಿಂದ ಎಳೆಗೆ ಅಡ್ಡವಾಗಿ ಬಿದ್ದ ಗುಬುಟಿನ ಕುತ್ತಿಗೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಆದರೆ ಎರಡು ಸೆಂ.ಮೀ. ದಪ್ಪದ ಹಲಸಿನ ಹಲಗೆಯಲ್ಲಿ ನಿಲ್ಲಿಸಬಹುದಾದ ಆನೆ, ದನ-ಕರುಗಳನ್ನು ಎಂಟು ಹತ್ತು ದೊಡ್ಡ ತುಂಡುಗಳಲ್ಲಿ ಕೊಯ್ದರೆ ಅದರ ಹಳದಿ ಬಣ್ಣಕ್ಕೆ ಬೇರೆ ಬಣ್ಣವೇ ಬೇಡ. ದಪ್ಪ ಹೆಚ್ಚಾದಷ್ಟೂ ಬ್ಲೇಡು ದಪ್ಪವಿರಲಿ, 5ನೇ ನಂಬರು ಆಗಬಹುದು. ಮೇಜಿನ ವಾಲುವಿಕೆಯ ತಪ್ಪೂ ಅಲ್ಲಿ ಮೂರು ಪಾಲು ಹೆಚ್ಚಾಗಿ ಕಾಣುತ್ತದೆ.

ಪಾಲೆಯ ವಿಷಯದಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಚನ್ನಪಟ್ಟಣದ ಗೊಂಬೆಗಳನ್ನು ಹಾಲೆ ಮರದಿಂದ ಮಾಡುತ್ತಾರೆಂದು ಓದಿ, ಅದು ನಮ್ಮ ಪಾಲೆಯೇ ಎಂದು ತಿಳಿದವರಿದ್ದಾರೆ. ಅಲ್ಲಿಯದು ರೈಟಿಯಾ ಟಿಂಕ್ಟೋರಿಯಾ ಎಂಬ ಬೇರೆ ಮರ. ಆಟಿ ಅಮಾವಾಸ್ಯೆಯ ಬೆಳಗ್ಗೆ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ನಮ್ಮ ಪಾಲೆ ಅಲ್‌ಸ್ಟೋನಿಯಾ ಸ್ಕೊಲಾರಿಸ್, ಅಂದರೆ ಸಪ್ತಪರ್ಣಿ. ಇದು ಹಗುರವಾದ, ಮೆತ್ತಗಿನ ಮರ; ಹಿಂದೆ ಶಾಲೆಯ ಹಲಗೆಗಳಿಗೆ ಬಳಸುತ್ತಿದ್ದರು. ಕೊಯ್ಯಲು ಸುಲಭ, ಆದರೆ ಅಂಚು ಬೇಗ ಜಜ್ಜುತ್ತದೆ. ಕೈ ಪಳಗಿಸಿಕೊಳ್ಳಲು ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಗಡಿನಾಡಿನ ಕನ್ನಡ ಮಾಧ್ಯಮ ಶಾಲೆ. ಒಂದನೇ ತರಗತಿಗೆ ಕನ್ನಡ ಅಕ್ಷರಗಳ ಪಜಲ್ ಮಾಡಬೇಕೆಂದಿದ್ದೇವೆ. 49 ಅಕ್ಷರಗಳನ್ನು ಕೊಯ್ದು ಚೌಕಟ್ಟಿನಲ್ಲಿ ಕೂರಿಸಿದರೆ ಸಾಕೇ?
(ಅಧ್ಯಾಪಿಕೆ, ಪೆರ್ಲ)

ಉತ್ತರ: ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು ಟೀಚರೇ. ಕನ್ನಡದ ಲಿಪಿಯಷ್ಟು ಸ್ಕ್ರಾಲ್ ಸಾಗೆ ಒಗ್ಗುವ ಲಿಪಿಗಳು ಕಡಿಮೆ. ಅಕ್ಷರಗಳೆಲ್ಲ ದುಂಡಗೆ ಇರುವುದರಿಂದ ಬ್ಲೇಡು ಎಲ್ಲಿಯೂ ಚೂಪು ಮೂಲೆಗೆ ಸಿಕ್ಕಿ ನಿಲ್ಲುವುದಿಲ್ಲ. 49 ಅಕ್ಷರಗಳ ಚೌಕಟ್ಟು ಒಳ್ಳೆಯದೇ, ಆದರೆ ಅದರಿಂದ ಒಂದು ಹೆಜ್ಜೆ ಮುಂದೆ ಹೋಗಿ ಎಂಬುದು ನನ್ನ ಸೂಚನೆ. ಗುಣಿತವನ್ನೇ ಪಜಲ್ ಮಾಡಿ.

ಕ ಎಂಬ ಅಕ್ಷರದ ಒಡಲನ್ನು ಒಂದು ತುಂಡಾಗಿಯೂ ತಲೆಕಟ್ಟನ್ನು ಇನ್ನೊಂದು ತುಂಡಾಗಿಯೂ ಕೊಯ್ಯಿರಿ. ತಲೆಕಟ್ಟನ್ನು ತೆಗೆದು ಆ ಗುಳಿಯಲ್ಲಿ ಗುಡಿಸನ್ನು ಇಟ್ಟರೆ ಕಿ, ಏತ್ವವನ್ನು ಇಟ್ಟರೆ ಕೆ. ತಲೆಕಟ್ಟನ್ನು ಹಾಗೆಯೇ ಬಿಟ್ಟು ಬಲಪಕ್ಕದ ಗುಳಿಯಲ್ಲಿ ಕೊಂಬನ್ನು ಕೂರಿಸಿದರೆ ಕು. ಮಗುವಿಗೆ ಬಾಯಿಪಾಠದಿಂದ ಬರುವುದಕ್ಕಿಂತ ಬೇಗ ಇದು ಬೆರಳಿನಿಂದ ಬರುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಗ, ತ, ನ, ರ, ಸ ಅಕ್ಷರಗಳಿಗೂ ಅದೇ ಗುಡಿಸು ಕೂರಬೇಕಾದರೆ ಎಲ್ಲ ಒಡಲುಗಳ ಗುಳಿ ಒಂದೇ ಅಳತೆಯದಾಗಿರಬೇಕು. ಅದಕ್ಕಾಗಿ 3 ಮಿ.ಮೀ. ಪ್ಲೈವುಡ್ಡಿನ ಮೂರು ನಾಲ್ಕು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಸುತ್ತ ಟೇಪು ಬಿಗಿದು ಒಟ್ಟಿಗೆ ಕೊಯ್ಯಿರಿ. ಗುಳಿಯ ಆಕಾರಕ್ಕೆ ತಗಡಿನದೋ ದಪ್ಪ ರಟ್ಟಿನದೋ ಒಂದು ಅಚ್ಚು ಇಟ್ಟುಕೊಂಡು ಪ್ರತಿ ಸಲವೂ ಅದರಿಂದಲೇ ಗೆರೆ ಎಳೆಯಿರಿ. ಖ, ಜ, ಟ, ಣ, ಬ, ಲ ಮುಂತಾದವುಗಳಿಗೆ ತಲೆಕಟ್ಟು ಇಲ್ಲ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅವುಗಳನ್ನು ಎರಡನೆಯ ಕಂತಿಗೆ ಇಡಿ.

ಎರಡು ಎಚ್ಚರಿಕೆಗಳು. ಠ ಅಕ್ಷರದ ನಡುವಿನ ಚುಕ್ಕೆ ಕೊಯ್ದಾಗ ಬಿದ್ದುಹೋಗುತ್ತದೆ; ಅದನ್ನು ಕೊಯ್ಯದೆ ಬಣ್ಣದಲ್ಲಿ ಬರೆಯಿರಿ. ಅಕ್ಷರದೊಳಗಿನ ಮುಚ್ಚಿದ ಜಾಗಗಳನ್ನು ಕೊಯ್ಯುವುದಕ್ಕೆ ತೂತು ಕೊರೆದು ಬ್ಲೇಡನ್ನು ಅದರಲ್ಲಿ ತೂರಿಸಬೇಕಾಗುತ್ತದೆ. ಆಗ ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡು ಹೋಗಬೇಕಾದರೆ ತೂತು ದೊಡ್ಡದಾಗಬೇಕು, ಪಿನ್ ಇಲ್ಲದ ಬ್ಲೇಡಿಗೆ ಒಂದೂವರೆ ಮಿ.ಮೀ. ಸಾಕು. ಯಂತ್ರ ಕೊಳ್ಳುವಾಗಲೇ ಎರಡೂ ಬಗೆಯ ಬ್ಲೇಡು ಹಿಡಿಯುವುದನ್ನು ಆರಿಸಿ.

ಪ್ರಶ್ನೆ: ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಕೈಯಿಂದ ಸಾಧ್ಯವೇ?
(ಪದವಿ ವಿದ್ಯಾರ್ಥಿ, ಹೊಸಂಗಡಿ)

ಉತ್ತರ: ಖಂಡಿತ ಸಾಧ್ಯ. ಫ್ರೆಟ್ ಸಾ ಎಂಬ ಕೈಗರಗಸಕ್ಕೆ ಇದೇ ಐದು ಇಂಚಿನ, ಪಿನ್ ಇಲ್ಲದ ಬ್ಲೇಡು ಹಾಕಬಹುದು. ಮೇಜಿನ ಅಂಚಿಗೆ ಒಂದು ಹಲಗೆ ಬಿಗಿದು ಅದರ ಹೊರತುದಿಯಲ್ಲಿ ಹಕ್ಕಿ ಬಾಯಿ ತೆರೆದ ಹಾಗೆ ಕತ್ತರಿಸಿಕೊಂಡರೆ ಆ ಸಂದಿಯೇ ನಿಮ್ಮ ಯಂತ್ರದ ಮೇಜು. ಹಲ್ಲು ಕೆಳಮುಖವಾಗಿರಲಿ, ಮೊಣಕೈ ನೇರ ಕೆಳಗಿಳಿಯಲಿ. 3 ಅಥವಾ 4 ಮಿ.ಮೀ. ಪ್ಲೈವುಡ್ಡಿನಲ್ಲಿ 24 ತುಂಡುಗಳಿಂದ ಆರಂಭಿಸಿ.

ಪ್ರಶ್ನೆ: ನಮ್ಮ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ) ಘಟಕದವರು ಮಕ್ಕಳ ಪಜಲ್ ಮಾಡಿ ಜಾತ್ರೆಗಳಲ್ಲಿ ಮಾರಬಹುದೇ?
(ಓದುಗರು, ವರ್ಕಾಡಿ)

ಉತ್ತರ: ಮಾರುವುದಕ್ಕೆ ಮೊದಲು ಕಾನೂನು ತಿಳಿದುಕೊಳ್ಳಿ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಅದರಂತೆ 14 ವರ್ಷಕ್ಕಿಂತ ಕೆಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಹಾಗಾಗಿ ನೋಂದಣಿಯೇ ನಿಮ್ಮ ಮೊದಲ ಕೆಲಸ. ವಿನಾಯಿತಿ ಸಿಕ್ಕಿದರೂ ಮಕ್ಕಳ ಸುರಕ್ಷೆಯಲ್ಲಿ ವಿನಾಯಿತಿ ಇಲ್ಲ: ಮೂರು ವರ್ಷದೊಳಗಿನ ಮಗುವಿಗೆ ಕೊಡುವ ಯಾವ ತುಂಡೂ ಬಾಯೊಳಗೆ ಹೋಗುವಷ್ಟು ಸಣ್ಣದಿರಬಾರದು. ಆಟಿಕೆ ಪರೀಕ್ಷಿಸುವವರು 31.7 ಮಿ.ಮೀ. ವ್ಯಾಸದ ಕೊಳವೆಯಲ್ಲಿ ಹಾಕಿ ನೋಡುತ್ತಾರೆ; ನೀವು ಐದು ಸೆಂ.ಮೀ.ಗಿಂತ ಸಣ್ಣದು ಮಾಡದಿದ್ದರೆ ಒಳ್ಳೆಯದು. ಪ್ರತಿ ಅಂಚನ್ನೂ 220 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಮುಖಗಳಿಗೆ ಮಾತ್ರ ತೆಳುವಾಗಿ ಹಚ್ಚಿ.

ಪ್ರಶ್ನೆ: ಮೊಮ್ಮಗನಿಗಾಗಿ ಕರ್ನಾಟಕದ ಜಿಲ್ಲೆಗಳ ನಕ್ಷೆಯನ್ನು ಪಜಲ್ ಮಾಡುತ್ತಿದ್ದೇನೆ. ನಮ್ಮ ಕಾಸರಗೋಡು ಎಲ್ಲಿ ಎಂದು ಅವನು ಕೇಳುತ್ತಾನೆ. ಏನು ಮಾಡಲಿ?
(ಹಿರಿಯ ಓದುಗರು, ಉಪ್ಪಳ)

ಉತ್ತರ: ಜಿಗ್‌ಸಾ ಪಜಲ್ ಹುಟ್ಟಿದ್ದೇ ನಕ್ಷೆಯಿಂದ. ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವವನು 1760ರ ದಶಕದಲ್ಲಿ ನಕ್ಷೆಗಳನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯಲ್ಲೇ ಕೊಯ್ದು ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಜಿಗ್‌ಸಾ ಎಂಬ ಹೆಸರು ಬಂದದ್ದು ಎಷ್ಟೋ ಕಾಲದ ನಂತರ. ಆದ್ದರಿಂದ ನೀವು ಮಾಡುತ್ತಿರುವುದು ಈ ಕಸುಬಿನ ಮೂಲ ಕೆಲಸ.

ಮೊಮ್ಮಗನ ಪ್ರಶ್ನೆಗೆ ನನ್ನ ಉತ್ತರ ಇದು: ಕರ್ನಾಟಕದ 31 ಜಿಲ್ಲೆಗಳ ಜೊತೆಗೆ ಕೇರಳದ 14 ಜಿಲ್ಲೆಗಳನ್ನೂ ಅದೇ ಅಳತೆಯಲ್ಲಿ, ಒಂದೇ ಹಲಗೆಯಿಂದ ಕೊಯ್ಯಿರಿ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ನಕ್ಷೆಯಲ್ಲಿ ಅದು ಇರುವಲ್ಲಿಯೇ ಇರಬೇಕು. ಆದರೆ ಒಂದೇ ಹಲಗೆಯಿಂದ ಬಂದಾಗ ಕಾಸರಗೋಡಿನ ತುಂಡಿನ ಬಡಗಣ ಅಂಚು ದಕ್ಷಿಣ ಕನ್ನಡಕ್ಕೂ, ಮೂಡಣ ಮೂಲೆ ಕೊಡಗಿಗೂ, ತೆಂಕಣ ಅಂಚು ಕಣ್ಣೂರಿಗೂ ಕೂದಲೆಳೆಯ ಸಂದಿಯಲ್ಲಿ ಹೊಂದಿಕೊಳ್ಳುತ್ತದೆ. ಅದನ್ನು ಜೋಡಿಸದೆ ಎರಡು ರಾಜ್ಯಗಳನ್ನು ಸೇರಿಸಲು ಹೋದರೆ ಕರಾವಳಿಯಲ್ಲೊಂದು ತೆರಪು ಉಳಿಯುತ್ತದೆ. ತಾನಿರುವ ಊರು ಎಲ್ಲಿದೆ ಎಂಬುದನ್ನು ಅವನು ಕೈಯಾರೆ ಇಟ್ಟು ನೋಡಲಿ.

ಅಳತೆಯ ಬಗ್ಗೆ ಹೇಳುವುದಾದರೆ, ಒಂದು ಸೆಂ.ಮೀ.ಗೆ 15 ಕಿ.ಮೀ. ಎಂದು ಹಿಡಿದರೆ ಕರ್ನಾಟಕ ಸುಮಾರು 50 ಸೆಂ.ಮೀ. ಎತ್ತರವಾಗುತ್ತದೆ, ಸುಮಾರು 1,990 ಚದರ ಕಿ.ಮೀ. ವಿಸ್ತೀರ್ಣದ ಕಾಸರಗೋಡು 9 ಚದರ ಸೆಂ.ಮೀ.ಯ ತುಂಡಾಗುತ್ತದೆ. ಇದಕ್ಕಿಂತ ಚಿಕ್ಕ ಅಳತೆ ಬೇಡ. ಆಲಪ್ಪುಳದ ತುಂಡು ಇನ್ನೂ ಸಣ್ಣದು, ಕೈಗೆ ಸಿಗದಂತಾಗುತ್ತದೆ. ಇಷ್ಟು ದೊಡ್ಡ ಹಲಗೆ 16 ಇಂಚಿನ ಯಂತ್ರದಲ್ಲಿ ತಿರುಗುವುದಿಲ್ಲವಾದ್ದರಿಂದ ಮೊದಲು ರಾಜ್ಯಗಳ ಗಡಿಯಲ್ಲೂ, ಆಮೇಲೆ ಕರ್ನಾಟಕವನ್ನು ನಡುವಿನ ಜಿಲ್ಲೆಗಳ ಗಡಿಯಲ್ಲೂ ಎರಡಾಗಿ ಬಿಡಿಸಿಕೊಳ್ಳಿ. ಗಡಿಗೆರೆಯ ಅತಿ ಸಣ್ಣ ಅಂಕುಡೊಂಕುಗಳನ್ನು ಸ್ವಲ್ಪ ನಯವಾಗಿಸದೆ ವಿಧಿಯಿಲ್ಲ. ನಕ್ಷೆಯ ತುಂಡುಗಳಿಗೆ ಗುಬುಟು ಇರುವುದಿಲ್ಲ, ಬರಿದೇ ಪಕ್ಕಪಕ್ಕ ಕೂರುತ್ತವೆ. ಹಾಗಾಗಿ ಸುತ್ತ ಅಂಚುಕಟ್ಟಿನ ತಟ್ಟೆ ಬೇಕೇಬೇಕು. ಕೊಯ್ದುಳಿದ ಅರಬ್ಬಿ ಸಮುದ್ರದ ಭಾಗವನ್ನು ಎಸೆಯಬೇಡಿ. ಅದನ್ನೇ ತಟ್ಟೆಯ ಪಡುವಣ ಬದಿಗೆ ಅಂಟಿಸಿದರೆ ಮಂಜೇಶ್ವರದಿಂದ ತೆಂಕಕ್ಕೆ ಕರಾವಳಿಯ ಗೆರೆ ಸಿದ್ಧವಾಗಿರುತ್ತದೆ, ಮೊಮ್ಮಗ ಅಲ್ಲಿಂದಲೇ ಜೋಡಿಸಲು ಆರಂಭಿಸಬಹುದು.